ಬೂದುಕತ್ತಿನ ಕಾಗೆಗಳೂ ನಮ್ಮ ಅತ್ತಿಗೆಯೂ

ಕಾಗೆ ಕಪ್ಪು ಎಂದು ಎಲ್ಲರೂ ಹೇಳುತ್ತಾರೆ. ಸರಿಯಾಗಿ ನೋಡಿದವರು ಹಾಗೆ ಹೇಳಲಾರರು. ನಮ್ಮ ಮನೆಗಳ ಮಾಡಿನ ಮೇಲೆ ಕೂರುವ ಊರುಕಾಗೆಗೆ ಹಣೆ, ಗಂಟಲು, ರೆಕ್ಕೆ, ಬಾಲ ಮಾತ್ರ ಕಪ್ಪು. ಕತ್ತು ಮತ್ತು ಎದೆ ಬೂದು ಬಣ್ಣ, ಒಲೆಯ ಬೂದಿಯನ್ನು ಒದ್ದೆ ಕೈಯಿಂದ ಸವರಿದ ಹಾಗೆ. ಮೈಯೆಲ್ಲ ಕಪ್ಪಾಗಿ, ಕೊಕ್ಕು ದಪ್ಪವಾಗಿ, ದನಿ ಒಡೆದಂತೆ ಇರುವುದು ಕಾಡುಕಾಗೆ. ಅದು ಬೆಟ್ಟದ ಕಡೆಯಿಂದ ಒಂಟಿಯಾಗಿಯೋ ಜೋಡಿಯಾಗಿಯೋ ಬಂದು ಹೋಗುತ್ತದೆ. ಊರುಕಾಗೆ ಒಂಟಿಯಾಗಿ ಬದುಕಲಾರದು. ಒಂದಕ್ಕೆ ಅನ್ನ ಕಂಡರೆ ಹತ್ತನ್ನು ಕರೆಯುತ್ತದೆ. ಒಂದಕ್ಕೆ ಏಟು ಬಿದ್ದರೆ ಊರಿನ ಕಾಗೆಗಳೆಲ್ಲ ಸೇರುತ್ತವೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಹಕ್ಕಿಗಳ ಪುಸ್ತಕ ಒಂದನ್ನೂ ತೆರೆದು ನೋಡಿಲ್ಲ. ಮೂವತ್ತು ವರ್ಷ ಕಾಗೆಗಳಿಗೆ ಹೆದರಿ ಓಡಾಡಿದ್ದರಿಂದ ಇಷ್ಟೆಲ್ಲ ತಿಳಿಯಿತು. ಹೆದರಿದವನು ಚೆನ್ನಾಗಿ ನೋಡುತ್ತಾನೆ. ತಿಳಿದದ್ದನ್ನು ಹೇಳಬೇಕಾದ ದಿನ ಬಂದಾಗ ಬಾಯಿ ಮುಚ್ಚಿಕೊಂಡೆ. ಅದರಿಂದ ನಮ್ಮ ಅತ್ತಿಗೆಗೆ ಏನಾಯಿತು ಎಂಬುದನ್ನು ಬರೆದಿಡಲು ಕೂತಿದ್ದೇನೆ.

ನಮ್ಮದು ಯಳಂದೂರು ತಾಲ್ಲೂಕಿನಲ್ಲಿ ಮಾಂಬಳ್ಳಿಯ ಮಗ್ಗುಲಿನ ಒಂದು ಊರು. ಅವ್ವ, ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ನಮ್ಮ ಒಬ್ಬಳೇ ಮಗಳು ಒಂದೇ ಮನೆಯಲ್ಲಿದ್ದೆವು. ಅಣ್ಣ ಅತ್ತಿಗೆಗೆ ಮಕ್ಕಳಾಗಲಿಲ್ಲ. ಒಂದೂವರೆ ಎಕರೆ ಹಿಪ್ಪುನೇರಳೆ ಇತ್ತು, ರೇಷ್ಮೆ ಹುಳು ಸಾಕುತ್ತಿದ್ದೆವು. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಪೊರೆ ಕಳಚಿ ಎದ್ದು, ಕೊನೆಗೆ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹಳದಿಯಾಗಿ ಹಣ್ಣಾಗುತ್ತದೆ. ಹಣ್ಣು ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಹೆಣೆದ ದೊಡ್ಡ ತಟ್ಟೆ. ಹುಳು ಅದರಲ್ಲಿ ಗೂಡು ಕಟ್ಟುತ್ತದೆ. ಗಾಳಿಯಾಡಬೇಕೆಂದು ಚಂದ್ರಿಕೆಗಳನ್ನು ಹಿತ್ತಲ ಚಪ್ಪರದಡಿ ಓರೆಯಾಗಿ ನಿಲ್ಲಿಸುತ್ತಿದ್ದೆವು. ಕಾಗೆಗಳಿಗೆ ಅದು ಹಬ್ಬ. ಒಂದು ಘಳಿಗೆ ಕಣ್ಣು ಮರೆಯಾದರೆ ಒಂದು ಚಂದ್ರಿಕೆಯ ಅಂಚಿನ ಹುಳುಗಳನ್ನೆಲ್ಲ ಹೆಕ್ಕಿಬಿಡುತ್ತಿದ್ದವು.

ಕಾಗೆ ಓಡಿಸಲು ನಮ್ಮ ಕಡೆ ಒಂದು ಉಪಾಯವಿದೆ. ಸತ್ತ ಕಾಗೆಯನ್ನು ತಲೆಕೆಳಗಾಗಿ ಬಿದಿರ ಗಳುವಿಗೆ ಕಟ್ಟಿದರೆ ಉಳಿದವು ಹತ್ತಿರ ಬರುವುದಿಲ್ಲ. ಒಂದು ಬೇಸಿಗೆಯಲ್ಲಿ, ನನಗೆ ನಲವತ್ತು ದಾಟಿದ್ದಾಗ, ಹುಳು ಹಣ್ಣಾದ ಹೊತ್ತಿಗೆ ಕಾಗೆಗಳ ಕಾಟ ಮಿತಿ ಮೀರಿತು. ಎಲ್ಲಿ ಹುಡುಕಿದರೂ ಸತ್ತ ಕಾಗೆ ಸಿಗಲಿಲ್ಲ. ಹಿತ್ತಲ ಹೊಂಗೆಮರದ ಗೂಡಿನಿಂದ ಒಂದು ಮರಿ ಕೆಳಗೆ ಬಿದ್ದಿತ್ತು. ಹಾರಲು ಇನ್ನೂ ಬಾರದು. ಬಾಯಿ ತೆರೆದರೆ ಒಳಗೆ ಕೆಂಪಗೆ ಕಾಣುತ್ತಿತ್ತು. ನಾನು ಅದರ ಕಾಲಿಗೆ ನೂಲಿನ ಹುರಿ ಬಿಗಿದು ಜೀವಂತವಾಗಿಯೇ ಚಪ್ಪರದ ಕಂಬಕ್ಕೆ ನೇತುಹಾಕಿದೆ. ಅದರ ಅರಚಾಟ ಕೇಳಿ ಉಳಿದವು ಹೆದರಲಿ ಎಂಬುದು ನನ್ನ ಲೆಕ್ಕ.

ಅವು ಹೆದರಿ ಓಡಲಿಲ್ಲ, ಊರಿನ ಎಲ್ಲ ದಿಕ್ಕಿನಿಂದಲೂ ಬಂದು ಸೇರಿದವು. ಹೊಂಗೆಮರ, ತಂತಿ, ಪಕ್ಕದ ಮನೆಯ ಹೆಂಚು, ಎಲ್ಲೆಲ್ಲೂ ಕಾಗೆಗಳೇ. ಅಷ್ಟೂ ನನ್ನ ಕಡೆ ತಿರುಗಿ ಕೂಗುತ್ತಿದ್ದವು. ಅಣ್ಣ ಹೊಲದಿಂದ ಬಂದವನು ನಿಂತು ನೋಡಿದ.

"ಬುಟ್ಬುಡ್ಲಾ ಅದ. ಮರಿ ಕಣ್ಲಾ ಅದು."

"ಉಳ ಓದ್ರೆ ನೀನ್ ತಂದ್ಕೊಟ್ಟಿಯಾ?" ಎಂದೆ.

ಅಣ್ಣ ಒಳಗೆ ಹೋದ. ಅವನು ಯಾರೊಂದಿಗೂ ಎರಡನೆಯ ಮಾತಿಗೆ ನಿಲ್ಲುವವನಲ್ಲ. ಅತ್ತಿಗೆ ಒದ್ದೆ ಬಟ್ಟೆ ಹಿಂಡಿ ಮರಿಯ ಕೊಕ್ಕಿಗೆ ನೀರು ಬಿಡುತ್ತಿದ್ದರು. ತಾಯಿಕಾಗೆ ಅತ್ತಿಗೆಯನ್ನು ಏನೂ ಮಾಡಲಿಲ್ಲ. ಮರಿ ಎರಡು ಹಗಲು ಅರಚಿ ಮೂರನೆಯ ದಿನ ಸತ್ತಿತು. ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವವರೆಗೂ ಅದನ್ನು ಅಲ್ಲೇ ನೇತಾಡಲು ಬಿಟ್ಟೆ. ಆ ಬೆಳೆಯಲ್ಲಿ ಒಂದು ಹುಳುವೂ ಹೋಗಲಿಲ್ಲ.

ಆಮೇಲೆ ನಾನು ಮನೆಯಿಂದ ಹೊರಗೆ ಕಾಲಿಟ್ಟರೆ ಕಾಗೆಗಳು ಎರಗತೊಡಗಿದವು. ನೋಡುತ್ತಿದ್ದರೆ ಬರುವುದಿಲ್ಲ. ಬೆನ್ನು ತಿರುಗಿಸಿದಾಗ ಹಿಂದಿನಿಂದ ಬಂದು ನೆತ್ತಿಗೆ ಕಾಲಿನಿಂದ ಬಡಿದು ಹಾರುತ್ತವೆ. ಮನೆಯಲ್ಲಿ ಬೇರೆ ಯಾರನ್ನೂ ಮುಟ್ಟುತ್ತಿರಲಿಲ್ಲ. ನಾನು ಅಣ್ಣನ ಅಂಗಿ ಹಾಕಿಕೊಂಡು ನೋಡಿದೆ, ಬಿಡಲಿಲ್ಲ. ಒಂದು ದಿನ ಬಿಸಿಲಿಗೆಂದು ಟವೆಲ್ಲನ್ನು ತಲೆಗೂ ಕೆನ್ನೆಗೂ ಸುತ್ತಿಕೊಂಡು ಹೊರಟೆ. ಒಂದು ಕಾಗೆಯೂ ತಿರುಗಿ ನೋಡಲಿಲ್ಲ. ಅವು ಗುರುತಿಟ್ಟುಕೊಂಡದ್ದು ನನ್ನ ಮುಖವನ್ನು ಎಂದು ಆವತ್ತು ತಿಳಿಯಿತು.

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಸುಳಿಯುತ್ತದೆ ಎಂಬ ಮಾತಿದೆಯಲ್ಲ. ಅವ್ವ ಹೆದರಿದಳು. ಅದಕ್ಕೊಂದು ಪರಿಹಾರವೂ ಇದೆ. ಹತ್ತಿರದವರಿಗೆ ಸತ್ತ ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅತ್ತರೆ ಬಂದದ್ದು ಅಲ್ಲಿಗೆ ಕಳೆಯುತ್ತದೆ. ಅವ್ವ ಧನಗೆರೆಯಲ್ಲಿದ್ದ ನನ್ನ ಅಕ್ಕನಿಗೆ ನಾನು ಸತ್ತೆನೆಂದು ಹೇಳಿ ಕಳಿಸಿದಳು. ಅಕ್ಕ ಎದೆ ಬಡಿದುಕೊಂಡು ಬಸ್ಸಿಳಿದು ಓಡಿ ಬಂದಾಗ ನಾನು ನಡುಮನೆಯಲ್ಲಿ ಉಣ್ಣುತ್ತಿದ್ದೆ.

"ಬಸ್ಸಲ್ಲಿದ್ದೋರೆಲ್ಲ ನನ್ ಜೊತೆ ಅತ್ತವ್ರೆ. ನೀನಿಲ್ಲಿ ಮುದ್ದೆ ನುಂಗ್ತಾ ಕುಂತಿದ್ದೀಯಲ್ಲಾ, ನಾಚ್ಕೆ ಆಯ್ಕಿಲ್ವಾ ನಿಂಗೆ?" ಎಂದು ಅಕ್ಕ ಬೆನ್ನಿಗೆ ಗುದ್ದಿದಳು.

ಅವ್ವ ನಡುವೆ ಬಂದಳು. "ಅತ್ತೆ ತಾನೆ? ನಿಜ್ವಾಗ್ಲೂ ಅತ್ತೆ ತಾನೆ? ಸರಿ ಬುಡು, ಕೈಕಾಲ್ ತೊಳ್ಕ, ಉಣ್ಣು ಬಾ."

ಎಲ್ಲರೂ ನಕ್ಕರು, ಕೊನೆಗೆ ಅಕ್ಕನೂ ನಕ್ಕಳು. ಗಂಡಾಂತರ ಕಳೆಯಿತು ಎಂದು ಮನೆಯವರು ಮರೆತರು. ಕಾಗೆಗಳು ನನ್ನೊಬ್ಬನನ್ನೇ ಏಕೆ ಹೊಡೆಯುತ್ತವೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಶನಿಕಾಟ ಎನ್ನುತ್ತಿದ್ದರು. ನಾನು ಟವೆಲ್ ಸುತ್ತಿಕೊಂಡು ಓಡಾಡುವುದನ್ನು ರೂಢಿ ಮಾಡಿಕೊಂಡೆ.

ಅಂದಿನಿಂದ ಅವನ್ನು ನೋಡುತ್ತ ಬಂದೆ. ಕಾಗೆಯ ಕೂಗು ಒಂದೇ ಅಲ್ಲ. ಅನ್ನ ಕಂಡಾಗ ಕತ್ತು ಬಗ್ಗಿಸಿ, ಬಿಡಿಬಿಡಿಯಾಗಿ, ಸಣ್ಣದಾಗಿ ಕರೆಯುತ್ತದೆ. ಅಪಾಯ ಕಂಡಾಗ ಮೈ ಮುಂದಕ್ಕೆ ಚಾಚಿ, ಗಂಟಲು ಉಬ್ಬಿಸಿ, ಉದ್ದವಾಗಿ ಒರಟಾಗಿ ಎಳೆಯುತ್ತದೆ. ಆ ಕೂಗಿಗೆ ಉಳಿದವು ಬಂದು ಕೂಗುತ್ತವೆಯೇ ಹೊರತು ಕೆಳಗಿಳಿಯುವುದಿಲ್ಲ. ಮರಿಯನ್ನು ಕಟ್ಟಿದ ವರ್ಷ ಹುಟ್ಟಿಯೇ ಇರದ ಕಾಗೆಗಳೂ ನನ್ನ ಮುಖ ಕಂಡರೆ ಹಾಗೆ ಕೂಗುತ್ತಿದ್ದವು. ದೊಡ್ಡವು ಕೂಗುವುದನ್ನು ನೋಡಿ ಚಿಕ್ಕವು ಕಲಿಯುತ್ತವೆ. ಅತ್ತಿಗೆ ದಿನಾ ಬೆಳಗ್ಗೆ ಮೊದಲ ತುತ್ತನ್ನು ಹಿತ್ತಲ ಕಲ್ಲಿನ ಮೇಲೆ ಇಡುತ್ತಿದ್ದರು. ಅವರ ಸೀರೆಯ ಸೆರಗಿಗೆ ತಗಲುವಷ್ಟು ಹತ್ತಿರ ಬಂದು ತಿನ್ನುತ್ತಿದ್ದವು. ನಮ್ಮ ಮನೆಯಲ್ಲಿ ಕಾಗೆಗಳು ಗುರುತಿಟ್ಟುಕೊಂಡವರು ಇಬ್ಬರು, ಅತ್ತಿಗೆ ಮತ್ತು ನಾನು.

ಅವ್ವ ತೀರಿಕೊಂಡ ಕೆಲವು ವರ್ಷಕ್ಕೆ ಅಣ್ಣನೂ ಹೋದ. ಹೊಟ್ಟೆಯ ಆಪರೇಷನ್ನಿಗೆಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಜೊತೆಗಿದ್ದವರು ಅತ್ತಿಗೆ ಒಬ್ಬರೇ. ಒಂದು ಸೋಮವಾರ ಸುದ್ದಿ ಬಂತು. ನಮ್ಮ ಹೊಲದ ಅಂಚಿನ ಹುಣಸೆಮರದ ಹತ್ತಿರವೇ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲುತುಪ್ಪ. ಸಮಾಧಿಯ ಮೇಲೆ ಹಾಲುತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದುದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ದೂರ ಸರಿದು ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದರು ಎಂದರ್ಥ. ಮುಟ್ಟದಿದ್ದರೆ ಏನೋ ಬೇಸರ ಇಟ್ಟುಕೊಂಡು ಹೋಗಿದ್ದಾರೆ ಎಂದು. ನಮ್ಮ ಮಠದ ಐನೋರು, ಶಿವಭಕ್ತರಿಗೆ ಕಾಗೆಯ ಹಂಗಿಲ್ಲ, ಲಿಂಗದಲ್ಲಿ ಸೇರಿದ ಮೇಲೆ ಮುಗಿಯಿತು ಎಂದು ಪ್ರತಿ ಸಾವಿನಲ್ಲೂ ಹೇಳುತ್ತಾರೆ. ಪ್ರತಿ ಸಾವಿನಲ್ಲೂ ಜನ ತಲೆಯಾಡಿಸಿ ಕಾಗೆಗೆ ಕಾಯುತ್ತಾರೆ.

ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಎಡೆ ಹೊತ್ತವನು ನಾನು. ಎಡೆ ಇಡುವಾಗ ತಲೆಗೆ ಬಟ್ಟೆ ಸುತ್ತಬಾರದೆಂದು ಊರಿನ ಯಜಮಾನರು ನನ್ನ ಟವೆಲ್ ಬಿಚ್ಚಿಸಿ ಸೊಂಟಕ್ಕೆ ಕಟ್ಟಿಸಿದರು. ಅನ್ನ, ಒಬ್ಬಟ್ಟು, ಹುರುಳಿ ಸಾರು, ಒಂದು ಲೋಟ ಕಾಫಿ, ಎಲೆಅಡಿಕೆ. ನಾನು ಬಗ್ಗಿ ಎಲೆ ಇಡುವಷ್ಟರಲ್ಲಿ ಮರದ ಮೇಲೆ ಮೊದಲ ಕೂಗು ಎದ್ದಿತು. ಉದ್ದವಾಗಿ ಎಳೆಯುವ ಕೂಗು. ನೋಡುತ್ತಿದ್ದಂತೆ ಮರದ ತುಂಬ ಕಾಗೆಗಳು ಸೇರಿದವು. ಎಲ್ಲರೂ ಹಿಂದೆ ಸರಿದರು. ನಾನು ತಮ್ಮ, ಮುಂದೆಯೇ ನಿಲ್ಲಬೇಕಿತ್ತು, ನಿಂತೆ.

ಒಂದೂ ಇಳಿಯಲಿಲ್ಲ. ಕೂಗು ಹೆಚ್ಚುತ್ತಲೇ ಹೋಯಿತು.

"ನೋಡ್ರಪ್ಪ, ಎಂಗ್ ಕೂಗ್ತಾವ್ನೆ," ಎಂದರು ಯಜಮಾನರು. "ಸುಮ್ಕಿದ್ದ ಆಳು. ಒಟ್ಟೇಲಿ ಏನೋ ಮಡಿಕಂಡೇ ಓಗವ್ನೆ."

ಆಮೇಲೆ ಒಬ್ಬೊಬ್ಬರಾಗಿ ಮಾತು ಕೊಡುವ ಶಾಸ್ತ್ರ. ಮನೆ ಒಡೆಯುವುದಿಲ್ಲ ಎಂದು ನಾನು ಹೇಳಿದೆ. ವರ್ಷವರ್ಷ ಎಡೆ ತಪ್ಪಿಸುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಕಾಗೆಗಳು ಕೂಗುತ್ತಲೇ ಇದ್ದವು. ಬಿಸಿಲು ಏರಿತು. ಜನರ ಕಣ್ಣು ನಿಧಾನವಾಗಿ ಅತ್ತಿಗೆಯ ಕಡೆ ತಿರುಗಿತು. ಆಸ್ಪತ್ರೆಯಲ್ಲಿ ಕೊನೆಯವರೆಗೆ ಜೊತೆಗಿದ್ದವರು ಅವರೊಬ್ಬರೇ ಅಲ್ಲವೇ.

"ನೀನೇ ಕೇಳವ್ವ," ಎಂದು ಯಾರೋ ಹೆಂಗಸು ಅವರನ್ನು ಮುಂದೆ ತಳ್ಳಿದಳು.

ಅತ್ತಿಗೆ ಬಂದು ನನ್ನ ಪಕ್ಕದಲ್ಲಿ ನಿಂತು ಕೈ ಮುಗಿದರು. "ಬನ್ನಿ, ಉಣ್ಣಿ. ನನ್ನಿಂದ ಏನಾರ ತೆಪ್ಪಾಗಿದ್ರೆ ಒಟ್ಟೆಗಾಕ್ಕಳಿ."

ದಿನಾ ಅವರ ಸೆರಗಿನ ಬಳಿ ಬಂದು ತಿನ್ನುತ್ತಿದ್ದ ಕಾಗೆಗಳು ಅವು. ಅವರು ನನ್ನ ಪಕ್ಕದಲ್ಲಿ ನಿಂತಿದ್ದರಿಂದ ಇಳಿಯಲಿಲ್ಲ. ನಾನು ಸೊಂಟದ ಟವೆಲ್ ಬಿಚ್ಚಿ ತಲೆಗೆ ಹಾಕಿಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ನಡೆದಿದ್ದರೆ ಸಾಕಿತ್ತು. ಇಲ್ಲವೆ, ಅವು ಕೂಗುತ್ತಿರುವುದು ನನ್ನನ್ನು ಕಂಡು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಅಲ್ಲಿ ನಿಂತಾಗಲೇ ಗೊತ್ತಿತ್ತು. ಅಷ್ಟು ಜನರೆದುರು ಕಾಗೆಗಳು ಹೇಸುವ ಮನುಷ್ಯ ನಾನು ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅತ್ತಿಗೆ ಮೂರು ಸಲ ಕೇಳಿದರು.

ಇನ್ನು ಮುಟ್ಟುವುದಿಲ್ಲ ಎಂದು ಯಜಮಾನರು ಎದ್ದರು. ಎಲ್ಲರೂ ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ಹಾಲಿನ ಚೊಂಬು ಮರೆತದ್ದು ನೆನಪಾಗಿ ನಾನೊಬ್ಬನೇ ಹಿಂದಿರುಗಿದೆ. ಈಗ ತಲೆ, ಕೆನ್ನೆ ಸುತ್ತಿ ಟವೆಲ್ ಹಾಕಿಕೊಂಡಿದ್ದೆ. ಎಲೆಯ ಸುತ್ತ ಕಾಗೆಗಳು ತುಂಬಿದ್ದವು. ಕಾಫಿ ಲೋಟ ಉರುಳಿಬಿದ್ದಿತ್ತು. ಒಂದು ಒಬ್ಬಟ್ಟಿನ ಚೂರನ್ನು ಕೊಕ್ಕಿನಲ್ಲಿ ಮಡಿಚಿ ಹಿಡಿದಿತ್ತು, ಇನ್ನೊಂದು ಕತ್ತು ಬಗ್ಗಿಸಿ ಬಿಡಿಬಿಡಿಯಾಗಿ ಉಳಿದವನ್ನು ಕರೆಯುತ್ತಿತ್ತು. ನಾನು ಹತ್ತು ಮಾರು ದೂರದಲ್ಲಿ ನಿಂತು, ಎಲೆ ಬರಿದಾಗುವವರೆಗೆ ನೋಡಿದೆ.

ಮನೆಗೆ ಬಂದಾಗ ಜಗಲಿಯ ಮೇಲೆ ಹೆಂಗಸರು ಅತ್ತಿಗೆಯನ್ನು ನಡುವೆ ಕೂರಿಸಿಕೊಂಡು, ಆಸ್ಪತ್ರೆಯಲ್ಲಿ ಏನಾಯಿತು, ಜಗಳ ಏನಾದರೂ ಆಯಿತೇ, ಕೊನೆಗೆ ಏನೆಂದ ಎಂದು ಕೇಳುತ್ತಿದ್ದರು. ನಾನು ಚೊಂಬನ್ನು ಅಡುಗೆಮನೆಯಲ್ಲಿಟ್ಟು ಹಿತ್ತಲಿಗೆ ಹೋಗಿ ಕೈಕಾಲು ತೊಳೆದೆ.

ಮೊದಲು ನಾಚಿಕೆಗೆ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಅನುಕೂಲವಾಯಿತು. ಊರಿನಲ್ಲಿ ಅತ್ತಿಗೆಯನ್ನು ಶುಭಕಾರ್ಯಕ್ಕೆ ಕರೆಯುವುದು ನಿಂತಿತು. ಗಂಡನೇ ಒಲ್ಲದವಳು ಎಂಬ ಮಾತು ಹುಟ್ಟಿತು. ಮನೆಯಲ್ಲಿ ನನ್ನ ಹೆಂಡತಿಯ ಮಾತು ಮೇಲಾಯಿತು. ಅತ್ತಿಗೆ ಯಾವುದಕ್ಕೂ ಎದುರಾಡುತ್ತಿರಲಿಲ್ಲ. ತಪ್ಪು ಮಾಡಿದವರ ಹಾಗೆ ಬಾಗಿಲ ಮರೆಯಲ್ಲಿ ಉಣ್ಣುತ್ತಿದ್ದರು.

ಆ ವರ್ಷ ಮಾರ್ನಾಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಟ್ಟೆವು. ನಾನೇ ಏಣಿ ಹತ್ತಿ ಮಾಡಿನ ಮೇಲೆ ಎಲೆ ಇಟ್ಟು ಅಂಗಳದಲ್ಲಿ ನಿಂತೆ, ತಲೆ ಬರಿದು. ಅವತ್ತೂ ಕಾಗೆಗಳು ಸುತ್ತ ಕೂತು ಕೂಗಿದವು, ಮುಟ್ಟಲಿಲ್ಲ. ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡರು.

ಎಂಟು ದಿನಕ್ಕೆ ಅತ್ತಿಗೆ ತವರು ಹನೂರಿನಿಂದ ತಮ್ಮ ಅಣ್ಣನನ್ನು ಕರೆಸಿಕೊಂಡರು. ಯಾರೂ ಹೋಗೆಂದು ಹೇಳಲಿಲ್ಲ, ಯಾರೂ ಇರು ಎಂದೂ ಹೇಳಲಿಲ್ಲ. ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಹೋದವನು ನಾನೇ.

"ನಾನಿದ್ರೆ ಅವ್ರು ಮುಟ್ಟಕಿಲ್ಲ ಕಣಪ್ಪ," ಎಂದರು ಅತ್ತಿಗೆ. "ನಾನೋದ್ಮೇಲಾದ್ರೂ ಉಣ್ಲಿ."

ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ಇಳಿದೆ.

ಮರುವರ್ಷ ಎಡೆಯ ದಿನ ನನಗೆ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸವಿದೆ ಎಂದು ಬೆಳಗ್ಗೆಯೇ ಹೊರಟೆ. ಕೆಲಸ ಮರುದಿನಕ್ಕೂ ಆಗುತ್ತಿತ್ತು. ನಾನಿಲ್ಲದಿದ್ದರೆ ಕಾಗೆ ಮುಟ್ಟುತ್ತದೆಂದು ಗೊತ್ತಿದ್ದೇ ಹೋದೆ. ಹೆಂಡತಿ ಎಲೆ ಇಟ್ಟು ಇಳಿಯುವ ಮೊದಲೇ ಕಾಗೆಗಳು ಮುತ್ತಿದುವಂತೆ. ಸಂಜೆ ಊರಿಗೆ ಬರುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅವಳು ಹೋದಳು, ಅವನು ಉಂಡ. ಅಣ್ಣನಿಗೆ ಹೆಂಡತಿಯ ಮೇಲೆಯೇ ಬೇಸರವಿತ್ತು ಎಂಬುದಕ್ಕೆ ಊರಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಸಾಕ್ಷಿಯನ್ನು ಒದಗಿಸಿದವನು ನಾನು. ಅತ್ತಿಗೆಯ ಕೋಣೆ ನಮ್ಮ ಹುಳುಮನೆಯಾಯಿತು. ಹಿಪ್ಪುನೇರಳೆ ತೋಟವೆಲ್ಲ ನನ್ನ ಕೈಗೆ ಬಂತು. ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಹಾಲುತುಪ್ಪದ ದಿನ ಹನೂರಿನಿಂದ ಅತ್ತಿಗೆಯೂ ಬಂದಿದ್ದರು. ಬೆನ್ನು ಬಾಗಿತ್ತು. ಈಗ ಊರಿಗೆ ನಾನೇ ಹಿರಿಯ, ಟವೆಲ್ ಬಿಚ್ಚು ಎನ್ನುವವರು ಯಾರೂ ಉಳಿದಿರಲಿಲ್ಲ. ಎಡೆಯನ್ನು ಮಗಳ ಕೈಯಲ್ಲಿ ಇಡಿಸಿದೆ. ನಾನು ಮುಖ ಮುಚ್ಚಿಕೊಂಡು ಎಲ್ಲರ ಹಿಂದೆ ನಿಂತೆ. ಕಾಗೆಗಳು ಎರಡು ನಿಮಿಷವೂ ಕಾಯಿಸಲಿಲ್ಲ.

"ಪುಣ್ಯ ಮಾಡಿದ್ಲು ಕಣಪ್ಪ ನಿನ್ನೆಂಡ್ತಿ," ಎಂದರು ಅತ್ತಿಗೆ. ಹೊಟ್ಟೆಕಿಚ್ಚಿಲ್ಲದ ಮಾತು ಅದು. ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅಳುತ್ತಿದ್ದುದು ನನ್ನ ಹೆಂಡತಿಗಾಗಿ ಅಲ್ಲ ಎಂದು ಗೊತ್ತಾಯಿತು. ಆಮೇಲೆ ಅವರ ಜೊತೆ ಬಂದಿದ್ದ ಅವರ ಅಣ್ಣನ ಸೊಸೆ ನನ್ನನ್ನು ಬದಿಗೆ ಕರೆದು ಒಂದು ವಿಷಯ ಹೇಳಿದಳು. ಅತ್ತಿಗೆಗೆ ಮೂತ್ರಪಿಂಡದ ತೊಂದರೆ, ನೀರು ಚೆನ್ನಾಗಿ ಕುಡಿಯಬೇಕೆಂದು ಡಾಕ್ಟರು ಹೇಳಿದ್ದಾರೆ, ಆದರೆ ಸೋಮವಾರ ಬೆಳಗಿನಿಂದ ದೀಪ ಹಚ್ಚುವವರೆಗೆ ಹನಿ ನೀರು ಮುಟ್ಟುವುದಿಲ್ಲ, ಹತ್ತೊಂಬತ್ತು ವರ್ಷದಿಂದ ಹೀಗೆಯೇ, ಒಂದೆರಡು ಸಲ ಬಿದ್ದೂ ಇದ್ದಾರೆ, ಏಕೆಂದರೆ ಹೇಳುವುದಿಲ್ಲ, ನೀವಾದರೂ ಹೇಳಿ ಮಾವ ಎಂದಳು.

ಏಕೆ ಎಂದು ನನಗೆ ತಿಳಿಯಿತು. ಸೋಮವಾರ ಅಣ್ಣ ಸತ್ತ ವಾರ. ನಾನು ಸತ್ಯ ಹೇಳಿದರೆ ಅವರು ನೀರು ಕುಡಿಯುತ್ತಾರೆ ಎಂದುಕೊಂಡೆ.

ಆದರೂ ಹೊರಡಲು ನಾಲ್ಕು ತಿಂಗಳು ಬೇಕಾಯಿತು. ಮಾಂಬಳ್ಳಿಯಲ್ಲಿ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಇನ್ನೊಂದು ಬಸ್ಸು ಹಿಡಿದು ಹನೂರಿಗೆ ಹೋದೆ. ಅದು ಸೋಮವಾರ, ಬೇಕೆಂದೇ ಆ ದಿನ ಹೋದೆ. ಅತ್ತಿಗೆ ಅಂಗಳದ ನೆರಳಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು. ಸೊಸೆ ನನಗೆ ಮಜ್ಜಿಗೆ ಕೊಟ್ಟಳು. ಅವರೆದುರು ಕುಡಿಯಲಾಗಲಿಲ್ಲ.

ಸುತ್ತಿ ಬಳಸದೆ ಹೇಳಿದೆ. "ಅತ್ತಿಗೆ, ಅವತ್ತು ಅಣ್ಣನ ಎಡೆ ಕಾಗೆ ಮುಟ್ನಿಲ್ವಲ್ಲ, ಅದು ನಿಮ್ಮಿಂದಲ್ಲ. ಮರಿ ಕಟ್ಟಿ ಸಾಯ್ಸಿದ್ನಲ್ಲ, ಅವತ್ತಿಂದ ಅವು ನನ್ ಮಕ ಕಂಡ್ರೆ ಇಳೀತಿರ್ನಿಲ್ಲ. ನಾನ್ ನಿಂತಿದ್ದೆ ಅಂತ ಇಳೀನಿಲ್ಲ."

ಅವರು ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದರು. "ಯಾರೇಳಿದ್ರು ನಿಂಗೆ?"

"ನಾನೇ ಕಂಡೆ. ನೀವೆಲ್ಲ ಓದ್ಮೇಲೆ ಮಕ ಮುಚ್ಕಂಡು ವಾಪಸ್ ಓಗಿದ್ದೆ. ಅಷ್ಟೂ ತಿಂದ್ವು, ಒಂದಗಳು ಬುಡ್ನಿಲ್ಲ."

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಕೋಪ ಬರಲಿ, ಉಗಿಯಲಿ ಎಂದು ಕಾದೆ. ಅವರ ಮುಖದಲ್ಲಿ ಕಂಡದ್ದು ಕನಿಕರ.

"ಅಂಗಿದ್ರೆ ಅವತ್ತೇ ಏಳ್ತಿದ್ದೆ ನೀನು," ಎಂದರು. "ನನ್ನ ಅಷ್ಟ್ ಜನದ್ ಮುಂದೆ ನಿಲ್ಸಿ ನೋಡ್ಕಂಡಿರೋನಾ ನೀನು? ನೀನು ಅಂತೋನಲ್ಲ ಕಣಪ್ಪ."

ನಾನು ಅಂಥವನೇ ಎಂದು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಯಾರಿಗೂ ಹೇಳದ ಮಾತನ್ನು ಆಗ ಹೇಳಿದರು. ಆಪರೇಷನ್ನಿನ ಬೆಳಗ್ಗೆ ಅಣ್ಣ ನೀರು ಕೇಳಿದನಂತೆ. ಡಾಕ್ಟರು ಹನಿಯೂ ಕೊಡಕೂಡದು ಎಂದಿದ್ದರು. ಮೂರು ಸಲ ಕೇಳಿದ, ಮೂರು ಸಲವೂ ಅತ್ತಿಗೆ ಇಲ್ಲವೆಂದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹಾಗೆಯೇ ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದದ್ದು ಹೆಣ. ಹುಣಸೆಮರದ ಕಾಗೆಗಳು ಕೂಗಿದಾಗಲೇ ಅತ್ತಿಗೆಗೆ ಅದು ಏನೆಂದು ಅರ್ಥವಾಗಿತ್ತು.

"ಒಂದ್ ಗುಟುಕು ನೀರಪ್ಪ," ಎಂದರು. "ಅವ್ರು ಕುಡೀನಿಲ್ಲ, ನಾನ್ ಎಂಗ್ ಕುಡೀಲಿ?"

ಮಾತಿನಿಂದ ಆಗುವುದಿಲ್ಲ ಎಂದು ಕಂಡಿತು. ಅವರ ಕಣ್ಣಿಗೇ ತೋರಿಸುತ್ತೇನೆ ಎಂದು ಎದ್ದೆ. ಸೊಸೆಯಿಂದ ಒಂದು ತಟ್ಟೆ ಅನ್ನ ತರಿಸಿ ಅಂಗಳದ ನಡುವೆ ಇಟ್ಟೆ. ಟವೆಲ್ ತೆಗೆದು ಬರಿತಲೆಯಲ್ಲಿ ಅದರ ಪಕ್ಕದಲ್ಲೇ ನಿಂತೆ. ಬೇವಿನ ಮರದ ಮೇಲೆ ನಾಲ್ಕಾರು ಬೂದುಕತ್ತಿನ ಕಾಗೆಗಳಿದ್ದವು. ಒಂದು ಓರೆಗಣ್ಣಿನಿಂದ ನನ್ನನ್ನು ನೋಡಿತು. ಕತ್ತು ಬಗ್ಗಿಸಿ ಬಿಡಿಬಿಡಿಯಾಗಿ ಕೂಗಿತು. ಅಷ್ಟೂ ಇಳಿದುಬಂದವು. ಒಂದು ನನ್ನ ಹೆಬ್ಬೆರಳ ಹತ್ತಿರ ಬಿದ್ದಿದ್ದ ಅಗುಳನ್ನು ಹೆಕ್ಕಿಕೊಂಡು ಹೋಯಿತು.

ನಾನು ಎಂಥ ದಡ್ಡ. ಅವು ಹನೂರಿನ ಕಾಗೆಗಳು. ಅವು ನನ್ನನ್ನು ಕಂಡದ್ದು ಅದೇ ಮೊದಲು. ಕಾಗೆಗಳ ವಿಷಯ ಇಷ್ಟೆಲ್ಲ ತಿಳಿದವನು ಅದೊಂದನ್ನು ಯೋಚಿಸಿರಲಿಲ್ಲ.

ಅತ್ತಿಗೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿ ಇಪ್ಪತ್ತು ವರ್ಷವಾಗಿತ್ತು. "ನೋಡು, ನಿನ್ ಕಂಡ್ರೆ ಅವ್ಕೇನ್ ಬಯ?"

"ಇವು ಈ ಊರ್ ಕಾಗೆ ಅತ್ತಿಗೆ. ನಮ್ಮೂರ್ ಕಾಗೆ ಬೇರೆ."

"ಕಾಗೇಲೂ ಅನೂರ್ ಕಾಗೆ, ಯಳಂದೂರ್ ಕಾಗೆ ಅಂತೈತಾ?" ಎಂದು ಸೊಸೆಯೂ ನಕ್ಕಳು.

"ನಿನ್ನೆಂಡ್ತಿಗ್ ಎಡೆ ಇಟ್ಟಾಗ ನೀನೂ ಅಲ್ಲೇ ಇದ್ದೆಯಲ್ಲಪ್ಪ," ಎಂದರು ಅತ್ತಿಗೆ. "ಮುಟ್ನಿಲ್ವಾ?"

"ಅವತ್ತು ಮಕ ಮುಚ್ಕಂಡಿದ್ದೆ."

"ಅಳು ಬಂದು ಮುಚ್ಕಂಡಿದ್ದೆ. ನಾ ನೋಡ್ನಿಲ್ವಾ?"

ಊಟ ಮಾಡಿಸಿದರು. ಹೊರಡುವಾಗ ಅತ್ತಿಗೆ, ನನ್ನ ಸಮಾಧಾನಕ್ಕೆಂದು ಈ ವಯಸ್ಸಿನಲ್ಲಿ ಎರಡು ಬಸ್ಸು ಹತ್ತಿ ಬಂದು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡೆಯಲ್ಲ, ಒಡಹುಟ್ಟಿದವರೂ ಹೀಗೆ ಮಾಡುವುದಿಲ್ಲ ಎಂದರು. ಬಿಡಿಸಿದ ಹುಣಸೆಹಣ್ಣನ್ನು ಒಂದು ಚೀಲದಲ್ಲಿ ಕಟ್ಟಿಕೊಟ್ಟರು. ಬೇಡವೆನ್ನುವ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ಇನ್ನೊಂದು ದಾರಿ ಹೊಳೆಯಿತು. ಹೇಗಾದರೂ ಒಪ್ಪಿಸಿ ಅವರನ್ನು ಊರಿಗೆ ಕರೆತಂದರೆ ನಮ್ಮ ಕಾಗೆಗಳೇ ಸಾಕ್ಷಿ ಹೇಳುತ್ತವಲ್ಲ. ಮರುದಿನ ಬೆಳಗ್ಗೆ ಟವೆಲ್ ಮನೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ಅನ್ನ ಇಟ್ಟು ನಿಂತೆ. ಕಾಗೆಗಳು ಬಂದವು, ತಿಂದವು. ಬೆನ್ನು ತಿರುಗಿಸಿ ನಿಂತೆ. ಹುಣಸೆಮರದವರೆಗೆ ಬರಿತಲೆಯಲ್ಲಿ ನಡೆದುಹೋಗಿ ಬಂದೆ. ಯಾವುದೂ ಎರಗಲಿಲ್ಲ, ಯಾವುದೂ ಕೂಗಲಿಲ್ಲ. ನನ್ನನ್ನು ಬಲ್ಲ ಕಾಗೆಗಳು ಯಾವಾಗಲೋ ಸತ್ತಿದ್ದವು. ನಾನು ಮುಖ ಮುಚ್ಚಿಕೊಂಡು ಓಡಾಡಿದ್ದರಿಂದ ಮರಿಗಳಿಗೆ ತೋರಿಸಿಕೊಡಲು ಅವಕ್ಕೆ ನನ್ನ ಮುಖವೇ ಸಿಕ್ಕಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಸುಮ್ಮನೆ ಹೆದರಿಕೊಂಡು ಬಂದೆನೋ ಗೊತ್ತಿಲ್ಲ. ನಾನು ಮಾಡಿದ್ದಕ್ಕೆ ಈಗ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅದನ್ನು ನಂಬಬೇಕಾದವರು ನಂಬುವುದಿಲ್ಲ.

ಈಗ ಪ್ರತಿ ಸೋಮವಾರ ಮಧ್ಯಾಹ್ನ ಹನೂರಿಗೆ ಫೋನ್ ಮಾಡುತ್ತೇನೆ. ಅತ್ತಿಗೆ ನೀರು ಕುಡಿದರೇ ಎಂದು ಕೇಳುತ್ತೇನೆ. ಇಲ್ಲ ಮಾವ, ದೀಪ ಹಚ್ಚಬೇಕಂತೆ ಎನ್ನುತ್ತಾಳೆ ಸೊಸೆ. ಹೋದ ವಾರ ಅತ್ತಿಗೆಯೇ ಫೋನ್ ಇಸಿದುಕೊಂಡರು. ದನಿ ಬಹಳ ಸಣ್ಣಗಾಗಿತ್ತು. ಕಾಲು ಊದಿಕೊಂಡಿದೆ, ಮುಂದಿನ ವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಾರಂತೆ ಎಂದರು.

"ಬಿಸ್ಲು ಜಾಸ್ತಿ ಐತೆ," ಎಂದರು. "ನೀನು ನೀರ್ ಕುಡಿಯಪ್ಪ."

ಆಯಿತು ಅತ್ತಿಗೆ ಎಂದೆ.